ಹದಿನೆಂಟು ಕಂಪ್ಯೂಟರಿನ ಕಚೇರಿಗೆ ಎಂಥ ಫೈರ್‌ವಾಲ್?

ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಬೇರಿಂಗ್ ವ್ಯಾಪಾರ ಮಾಡುವ ಕನ್ನಡಿಗರೊಬ್ಬರ ಪ್ರಶ್ನೆ ಈ ಸಲ. ಕಚೇರಿಯಲ್ಲಿ ಹದಿನೆಂಟು ಕಂಪ್ಯೂಟರ್, 200 ಎಂಬಿಪಿಎಸ್ ಲೈನ್. ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರ್‌ನಿಂದ (ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದಂತೆ ಅದು) ಮೂರು ಕೊಟೇಶನ್ ತಂದಿದ್ದಾರೆ. ಯಾವುದು ತಗೊಳ್ಳಲಿ ಅಂತ ಕೇಳುತ್ತಾರೆ.

ಕೊಟೇಶನ್ ಆಮೇಲೆ ನೋಡೋಣ. ನಿಮ್ಮ ಅಕೌಂಟೆಂಟ್ ರಾತ್ರಿ ಮನೆಯಿಂದ ಟ್ಯಾಲಿ ತೆರೆಯುವುದು ಹೇಗೆ, ಅದನ್ನು ಮೊದಲು ಹೇಳಿ. ರೌಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟ್ ತೆರೆದಿಟ್ಟ ಸಣ್ಣ ಕಚೇರಿಗಳು ಎಷ್ಟೋ. ರ್‍ಯಾನ್ಸಮ್‌ವೇರ್ ಬಿಡುವವರು ಹುಡುಕುವ ಬಾಗಿಲು ಇದೇ. ಹುಡುಕುವುದು ಮನುಷ್ಯರಲ್ಲ, ಪ್ರೋಗ್ರಾಂ. ನಿಮ್ಮದು ಚಿಕ್ಕ ಅಂಗಡಿ ಅಂತ ಅದು ಕನಿಕರ ಪಡುವುದಿಲ್ಲ. ಪೋರ್ಟ್ ಸಂಖ್ಯೆ ಬದಲಿಸಿದರೂ ಪತ್ತೆಯಾಗುತ್ತದೆ. ಹೊಸ ಫೈರ್‌ವಾಲ್ ತಂದು ಅದರಲ್ಲೂ ಇದೇ ಪೋರ್ಟ್ ತೆರೆದರೆ ದುಡ್ಡು ದಂಡ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಮಾತು: ವಿಪಿಎನ್ ಎಷ್ಟು ಜನಕ್ಕೆ ಸಿಗುತ್ತದೆ, ಪಾಸ್‌ವರ್ಡ್ ಜೊತೆ ಒಟಿಪಿ ಇಡಲು ಬೇರೆ ದುಡ್ಡು ಕೊಡಬೇಕೇ?

ಇನ್ನು ವೇಗ. ಬ್ರೋಷರ್‌ನಲ್ಲಿ ದೊಡ್ಡ ಅಕ್ಷರದ ಅಂಕಿ ನಂಬಬೇಡಿ. ಫೋರ್ಟಿಗೇಟ್ 40ಎಫ್ ತೆಗೆದುಕೊಳ್ಳಿ: ಫೈರ್‌ವಾಲ್ ವೇಗ 5 ಜಿಬಿಪಿಎಸ್ ಅಂತಿದೆ, ವೈರಸ್ ತಪಾಸಣೆ, ಐಪಿಎಸ್ ಎಲ್ಲ ಹಾಕಿದ ಮೇಲಿನ 'ಥ್ರೆಟ್ ಪ್ರೊಟೆಕ್ಷನ್' ವೇಗ 600 ಎಂಬಿಪಿಎಸ್. ಮೋಸವೇನಲ್ಲ, ಅಳತೆ ಬೇರೆ. ನಿಮ್ಮ ಲೈನಿಗೆ ಹೋಲಿಸಬೇಕಾದದ್ದು ಎರಡನೆಯ ಅಂಕಿಯನ್ನು. ಎನ್‌ಕ್ರಿಪ್ಟ್ ಆದ ಟ್ರಾಫಿಕ್ ಬಿಚ್ಚಿ ನೋಡಿಸಿದರೆ ಅದೂ ಇಳಿಯುತ್ತದೆ. (ಹಾಗೆ ನೋಡಿಸುವುದಾದರೆ ಬ್ಯಾಂಕ್ ಸೈಟುಗಳನ್ನು ಹೊರಗಿಡಿ, ಇಲ್ಲದಿದ್ದರೆ ತಿಂಗಳ ಕೊನೆಗೆ ಸಂಬಳ ಹಾಕುವಾಗ ರಗಳೆ.) ಹದಿನೆಂಟು ಕಂಪ್ಯೂಟರಿಗೆ ಈ ಸಣ್ಣ ದರ್ಜೆಯ ಪೆಟ್ಟಿಗೆ ಸಾಕು. ಉಳಿದ ದುಡ್ಡನ್ನು ಮೂರು ವರ್ಷದ ಲೈಸೆನ್ಸ್‌ಗೆ ಹಾಕಿ. ಲೈಸೆನ್ಸ್ ಮುಗಿದರೆ ಹೊಸ ವೈರಸ್‌ಗಳ ಪಟ್ಟಿ ಬರುವುದು ನಿಲ್ಲುತ್ತದೆ, ಪೆಟ್ಟಿಗೆಯ ದೀಪ ಮಾತ್ರ ಮಿನುಗುತ್ತಿರುತ್ತದೆ.

ಕೊಟೇಶನ್‌ನಲ್ಲಿ ಸಾಮಾನ್ಯವಾಗಿ ಕಾಣದ ಖರ್ಚೊಂದಿದೆ: ಲಾಗ್. 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶದಂತೆ 180 ದಿನದ ಲಾಗ್ ಇಟ್ಟಿರಬೇಕು, ದಾಳಿಯಾದರೆ ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕು. ಸಣ್ಣ ಉದ್ಯಮಗಳಿಗೆ ಸಿಕ್ಕಿದ್ದ ಗಡುವೂ ಅದೇ ವರ್ಷದ ಸೆಪ್ಟೆಂಬರ್ 25ಕ್ಕೆ ಮುಗಿದಿದೆ. 40ಎಫ್‌ನಲ್ಲಿ ಡಿಸ್ಕ್ ಇಲ್ಲ, 61ಎಫ್‌ನಲ್ಲಿದೆ. ಡಿಸ್ಕ್ ಇಲ್ಲದ್ದು ಕೊಂಡರೆ ಹಳೇ ಕಂಪ್ಯೂಟರೊಂದರಲ್ಲಿ ಲಿನಕ್ಸ್ ಹಾಕಿ ಸಿಸ್‌ಲಾಗ್ ತುಂಬಿಸಿಡಬಹುದು. ನನಗೆ ಅದೇ ಇಷ್ಟ.

ಲೈಸೆನ್ಸ್ ಖರ್ಚೇ ಬೇಡ ಅನ್ನುವವರಿಗೆ ಪಿಎಫ್‌ಸೆನ್ಸ್, ಒಪಿಎನ್‌ಸೆನ್ಸ್ ಇವೆ. ಒಳ್ಳೆಯವೇ. ಆದರೆ ನೋಡಿಕೊಳ್ಳಲು ಬಲ್ಲವರೊಬ್ಬರು ಬೇಕು. ಅಣ್ಣನ ಮಗನಿಗೆ ಸ್ವಲ್ಪ ಕಂಪ್ಯೂಟರ್ ಗೊತ್ತು ಅಂದರೆ ಸಾಲದು.

ಫೈರ್‌ವಾಲ್‌ನಲ್ಲೇ ತೂತಿದ್ದರೆ? ಅದೂ ಆಗಿದೆ. 2021ರ ಸೆಪ್ಟೆಂಬರ್‌ನಲ್ಲಿ ಸುಮಾರು 87,000 ಫೋರ್ಟಿಗೇಟ್ ಪೆಟ್ಟಿಗೆಗಳ ವಿಪಿಎನ್ ಪಾಸ್‌ವರ್ಡ್‌ಗಳು ಬಹಿರಂಗವಾದವು. ಅದಕ್ಕೆ ದಾರಿಯಾದ ದೋಷಕ್ಕೆ ಕಂಪನಿ 2019ರಲ್ಲೇ ಪ್ಯಾಚ್ ಕೊಟ್ಟಿತ್ತು. ಹಾಕಿಕೊಂಡಿರಲಿಲ್ಲ, ಇಲ್ಲವೇ ಹಾಕಿದ ಮೇಲೂ ಪಾಸ್‌ವರ್ಡ್ ಬದಲಿಸಿರಲಿಲ್ಲ. ಹಾಗಾಗಿ ಅಪ್‌ಡೇಟ್ ಯಾರು, ಯಾವಾಗ ಹಾಕುತ್ತಾರೆ ಅನ್ನುವುದನ್ನು ಅಂಗಡಿಯವರಿಂದ ಬರವಣಿಗೆಯಲ್ಲೇ ತಗೊಳ್ಳಿ. ಅಡ್ಮಿನ್ ಪುಟ ಹೊರಗಿನಿಂದ ತೆರೆಯದಂತೆ ಮಾಡಿಸಿ.

ಕೂರಿಸಿದ ದಿನ ನಿಮ್ಮ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ, ವಿಪಿಎನ್ ಇಲ್ಲದೆ ಆ ರಿಮೋಟ್ ಡೆಸ್ಕ್‌ಟಾಪ್ ತೆರೆಯಲು ನೋಡಿ. ತೆರೆದರೆ ದುಡ್ಡು ಕೊಡಬೇಡಿ. ತೆರೆಯದಿದ್ದರೂ ಟ್ಯಾಲಿ ಡೇಟಾದ ಒಂದು ಪ್ರತಿ ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಹೋಗಲಿ, ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ. ಮೇಲ್‌ನಲ್ಲಿ ಬಂದ ನಕಲಿ ಇನ್‌ವಾಯ್ಸ್ ಅನ್ನು ಯಾರೋ ಒತ್ತಿದ ದಿನ ನಿಮಗೆ ಬೇಕಾಗುವುದು ಅದು.