‘ಉಪಹಾರ’ ತಪ್ಪು, ‘ಉಪಾಹಾರ’ ಸರಿ: ಈ ಫಾರ್ವರ್ಡ್ ಎಷ್ಟು ನಿಜ?

ಜಯನಗರ, ಬನಶಂಕರಿ, ಜೆ.ಪಿ. ನಗರದಲ್ಲಿ ನಾಲ್ಕು ಹೆಜ್ಜೆ ನಡೆದರೆ ಒಂದು ದರ್ಶಿನಿ ಸಿಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ‘ಉಪಾಹಾರ’, ಕೆಲವದರಲ್ಲಿ ‘ಉಪಹಾರ’. ಇಂಥ ಬೋರ್ಡ್‌ಗಳನ್ನು ಆಡಿಕೊಳ್ಳುವ ಫಾರ್ವರ್ಡ್‌ಗಳಲ್ಲಿ ಮೂರು ಮಾತುಗಳು ಬೆರೆತಿರುತ್ತವೆ: ‘ಉಪಹಾರ’ ತಪ್ಪು, ಉಪಸರ್ಗಗಳು ಸಂಸ್ಕೃತದಿಂದಲೇ ಬೇರೆ ಭಾಷೆಗಳಿಗೆ ಹೋದವು, ಕನ್ನಡಕ್ಕೆ ಉಪಸರ್ಗ ಇಲ್ಲ, ಹಾಗಾಗಿ ಅದು ಬಡ ಭಾಷೆ. ಒಂದೊಂದಾಗಿ ನೋಡೋಣ.

ಮೊದಲ ಮಾತು: ‘ಉಪಹಾರ’ ತಪ್ಪೇ?

ಸಂಸ್ಕೃತದಲ್ಲಿ ‘ಹೃ’ ಎಂಬ ಧಾತುವಿದೆ. ಒಯ್ಯು, ತೆಗೆದುಕೊಳ್ಳು ಎಂದು ಅರ್ಥ. ಇದರಿಂದ ‘ಹಾರ’ ಬರುತ್ತದೆ. ಅದರ ಮುಂದೆ ಪುಟ್ಟ ಪದವೊಂದು ಅಂಟಿದರೆ ಅರ್ಥವೇ ಬೇರೆ: ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ. ಈ ಪುಟ್ಟ ಪದಗಳೇ ಉಪಸರ್ಗಗಳು. ಸಾಂಪ್ರದಾಯಿಕ ಪಟ್ಟಿಯಲ್ಲಿ ಇವು 22.

ಲಘು ಊಟ ಎಂಬ ಅರ್ಥ ಬರುವುದು ಉಪ + ಆಹಾರ = ಉಪಾಹಾರ ಎಂದಾಗ. ಉಪ + ಹಾರ = ಉಪಹಾರ ಎಂದರೆ ಸಂಸ್ಕೃತದಲ್ಲಿ ಕಾಣಿಕೆ, ಉಡುಗೊರೆ. ಒಂದು ದೀರ್ಘ ಬಿಟ್ಟರೆ ‘ಆ’ ಎಂಬ ಇಡೀ ಉಪಸರ್ಗವೇ ಬಿಟ್ಟುಹೋಗುತ್ತದೆ. ಪದ ಹುಟ್ಟಿದ ಬಗೆಯನ್ನು ನೋಡಿದರೆ ಫಾರ್ವರ್ಡ್ ಸರಿ. ಆದರೆ ಕನ್ನಡಿಗರ ಬಳಕೆಯಲ್ಲಿ ‘ಉಪಹಾರ’ಕ್ಕೂ ತಿಂಡಿ ಎಂಬ ಅರ್ಥವೇ ಬೇರೂರಿದೆ. ಇಡ್ಲಿ ತಿನ್ನಲು ಬಂದವರು ಯಾರೂ ಅಲ್ಲಿ ಉಡುಗೊರೆ ಕೇಳುವುದಿಲ್ಲ. ಬೋರ್ಡ್ ಬರೆದವರನ್ನು ಅನಕ್ಷರಸ್ಥರೆಂದು ಹಂಗಿಸಲು ಕಾರಣವಿಲ್ಲ.

ಎರಡನೇ ಮಾತು: ಎಲ್ಲವೂ ಸಂಸ್ಕೃತದಿಂದಲೇ?

ಸಂಸ್ಕೃತದ ‘ಪ್ರ’, ಗ್ರೀಕ್, ಲ್ಯಾಟಿನ್ ಮತ್ತು ರಷ್ಯನ್‌ನ ‘ಪ್ರೊ’ ಒಂದೇ ಬೇರಿನವು, ನಿಜ. ಆದರೆ ಒಂದು ಇನ್ನೊಂದರ ಮಗಳಲ್ಲ. ಇವೆಲ್ಲ ಇಂಡೋ-ಯುರೋಪಿಯನ್ ಎಂಬ ಒಂದೇ ಕುಟುಂಬದ ಸೋದರಿಯರು.

ಇವು ಹುಟ್ಟಿನಿಂದಲೇ ಅಂಟಿಕೊಂಡವೂ ಅಲ್ಲ. ವೇದಗಳ ಭಾಷೆಯಲ್ಲಿ ಉಪಸರ್ಗ ಬಿಡಿಯಾಗಿ ನಿಲ್ಲುತ್ತಿತ್ತು. ಅದಕ್ಕೂ ಕ್ರಿಯಾಪದಕ್ಕೂ ನಡುವೆ ಬೇರೆ ಪದಗಳು ಬರಬಹುದಿತ್ತು. ಪಾಣಿನಿಯೇ ಇದನ್ನು ಗುರುತಿಸಿದ್ದಾನೆ. ನಂತರದ ಸಂಸ್ಕೃತದಲ್ಲಿ ಅದು ಕ್ರಿಯಾಪದಕ್ಕೆ ಅಂಟಿತು. ಜರ್ಮನ್ ಕಲಿಯುತ್ತಿರುವವರನ್ನು ಕೇಳಿ: ‘ಆನ್‌ಕೊಮ್ಮೆನ್’ (ತಲುಪು) ವಾಕ್ಯದಲ್ಲಿ ಒಡೆದು, ‘ಆನ್’ ಕೊನೆಗೆ ಹೋಗಿ ಕೂರುತ್ತದೆ.

ರಷ್ಯನ್‌ನಲ್ಲಿ ‘ಪಿಸಾತ್’ ಎಂದರೆ ಬರೆಯುತ್ತಿರುವುದು. ‘ಪೊದ್’ ಎಂದರೆ ಕೆಳಗೆ. ‘ಪೊದ್ಪಿಸಾತ್’ ಎಂದರೆ ಕೆಳಗೆ ಬರೆ, ಅಂದರೆ ಸಹಿ ಹಾಕು. ‘ನ’ ಎಂದರೆ ಮೇಲೆ; ಆದರೆ ‘ನಪಿಸಾತ್’ ಎಂದರೆ ಬರೆದು ಮುಗಿಸು. ಇಲ್ಲಿ ‘ಮೇಲೆ’ ಎಂಬ ಅರ್ಥ ಸವೆದುಹೋಗಿ, ‘ಕೆಲಸ ಮುಗಿಯಿತು’ ಎಂಬ ಸೂಚನೆಯಷ್ಟೇ ಉಳಿದಿದೆ.

ಉಪಸರ್ಗಕ್ಕೆ ಸ್ವಂತ ಅರ್ಥ ಇದೆಯೇ ಎಂಬ ಜಗಳ ನಮ್ಮಲ್ಲೂ ಹಳೆಯದು. ಬಿಡಿಯಾಗಿ ಅದಕ್ಕೆ ಅರ್ಥವಿಲ್ಲ ಎಂದು ಶಾಕಟಾಯನ, ಇದೆ ಎಂದು ಗಾರ್ಗ್ಯ ವಾದಿಸಿದ್ದನ್ನು ಯಾಸ್ಕನ ‘ನಿರುಕ್ತ’ ದಾಖಲಿಸಿದೆ.

ಮೂರನೇ ಮಾತು: ಕನ್ನಡ ಬಡವೇ?

ಕನ್ನಡ ದ್ರಾವಿಡ ಭಾಷೆ. ಆ 22 ಉಪಸರ್ಗಗಳು ನಮಗೆ ಬಂದದ್ದು ಸಂಸ್ಕೃತ ಪದಗಳ ಜೊತೆಗೇ. ರಷ್ಯನ್ ಮುಂದೆ ಅಂಟಿಸಿ ಮಾಡುವ ಕೆಲಸವನ್ನು ಕನ್ನಡ ಹಿಂದೆ ಇನ್ನೊಂದು ಕ್ರಿಯಾಪದ ಸೇರಿಸಿ ಮಾಡುತ್ತದೆ: ಬರೆದುಬಿಡು, ಬರೆದಿಡು, ಬರೆದುಕೊ, ಬರೆದುಕೊಡು, ಬರೆದುಹಾಕು. ‘ದೋಸೆ ತಿಂದುಬಿಟ್ಟ’ ಎಂದಾಗ ಅವನು ಏನನ್ನೂ ಬಿಟ್ಟಿಲ್ಲ, ಪೂರ್ತಿ ತಿಂದಿದ್ದಾನೆ! ರಷ್ಯನ್‌ನ ‘ನ’ದಂತೆ ಇಲ್ಲಿ ‘ಬಿಡು’ ತನ್ನ ಮೂಲ ಅರ್ಥ ಕಳೆದುಕೊಂಡು ಮುಗಿತಾಯದ ಗುರುತಾಗಿದೆ.

ಮುಂದೆ ಅಂಟಿಸುವುದೂ ಕನ್ನಡಕ್ಕೆ ಬಾರದ್ದಲ್ಲ. ಹಿಂಜರಿ, ಹಿಮ್ಮೆಟ್ಟು, ಮುನ್ನುಗ್ಗು, ಮುಂದುವರಿ: ಹಿಂದೆ, ಮುಂದೆ ಎಂಬ ಜಾಗದ ಪದಗಳೇ ಕುಗ್ಗಿ ಕ್ರಿಯಾಪದಕ್ಕೆ ಅಂಟಿವೆ. ಸಂಸ್ಕೃತ, ರಷ್ಯನ್ ನಡೆದದ್ದೂ ಇಂಥದೇ ದಾರಿ. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ನೋಡಬಾರದು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕವನ್ನೇ ಬರೆದಿದ್ದಾರೆ. ಉಪಸರ್ಗಕ್ಕೆ ಅವರು ಬಳಸುವ ಪದ ‘ಮುನ್ನೊಟ್ಟು’. ಆ ಪದದ ಮುಂದೆಯೂ ಒಂದು ‘ಮುನ್’ ಅಂಟಿದೆ.

ನಮ್ಮ ತೀರ್ಮಾನ

‘ಉಪಾಹಾರ’ ಮೂಲಕ್ಕೆ ಹತ್ತಿರದ ರೂಪ ಎಂಬುದು ನಿಜ. ಉಪಸರ್ಗಗಳೆಲ್ಲ ಸಂಸ್ಕೃತದಿಂದ ಹೋದವು ಎಂಬುದು ಸುಳ್ಳು. ಕನ್ನಡ ಬಡ ಭಾಷೆ ಎಂಬುದೂ ಸುಳ್ಳು. ಶಾಲೆಯಲ್ಲಿ ಕನ್ನಡ ಕಲಿಯುತ್ತಿರುವ ಮಗು ಆ ಕೊನೆಯ ಮಾತನ್ನು ನಿಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಓದಿದರೆ ಅದನ್ನೇ ನಂಬೀತು. ಮೊದಲನೆಯ ಮಾತು ನಿಜವಿದೆ ಎಂದು ಉಳಿದೆರಡನ್ನೂ ಫಾರ್ವರ್ಡ್ ಮಾಡಬೇಡಿ.