ಜಾಹೀರಾತಿನಲ್ಲಿ ಇಲ್ಲದ ಗಾರ್ಡ್

‘ತೋಪಡ ಮಷಿನ್ ಮಾರಾಟಕ್ಕಿದೆ. ಗುಡ್ ಕಂಡೀಷನ್. ಅರ್ಜೆಂಟ್.’ ಜೊತೆಗೊಂದು ಫೋಟೊ: ಹೊಸದಾಗಿ ಹಸಿರು ಬಣ್ಣ ಬಳಿದ ಬೀಡಿನ ಮೇಜು, ಹಿಂದೆ ಗೋಡೆಗೊರಗಿದ ಹಲಗೆಗಳು. ಹಳೆಯ ಮರಗೆಲಸದ ಯಂತ್ರದ ಜಾಹೀರಾತು ಸಾಮಾನ್ಯವಾಗಿ ಇಷ್ಟೇ. ಬ್ಲೇಡಿನ ಮೇಲೆ ಗಾರ್ಡ್ ಇದೆಯೇ ಎಂಬ ಮಾತು ಅದರಲ್ಲಿ ಕಾಣುವುದು ಅಪರೂಪ.

ಹಳೆಯ ಯಂತ್ರ ಕೊಳ್ಳುವುದು ತಪ್ಪಲ್ಲ. ಬೀಡಿನಲ್ಲಿ ಎರಕ ಹೊಯ್ದ ಯಂತ್ರ ದಶಕಗಟ್ಟಲೆ ಬಾಳುತ್ತದೆ. ಬೇರಿಂಗ್, ಬೆಲ್ಟ್ ಬದಲಿಸಿದರೆ ಮತ್ತೆ ದುಡಿಯುತ್ತದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಬಡಗಿಗಳಿಗೆ ಉಪಕರಣಕ್ಕೆಂದು 15,000 ರೂಪಾಯಿ, ಮೊದಲ ಕಂತಿನಲ್ಲಿ ಶೇ 5ರ ಬಡ್ಡಿಗೆ 1 ಲಕ್ಷ ರೂಪಾಯಿವರೆಗೆ ಸಾಲ ಕೊಡುತ್ತದೆ. ಅಷ್ಟರಲ್ಲೇ ತೋಪಡ, ಗರಗಸ, ಮೋಟಾರು ಎಲ್ಲವನ್ನೂ ಹೊಂದಿಸಬೇಕಾದವರು ಸೆಕೆಂಡ್ ಹ್ಯಾಂಡ್ ಹುಡುಕಲೇಬೇಕು.

ಆದರೆ ಅಗ್ಗದ ಬೆಲೆಯನ್ನು ಬೆರಳಿನಲ್ಲಿ ತೆರುವಂತಾಗಬಾರದು.

ಕೈಯಿಂದ ಮರ ತಳ್ಳುವ ತೋಪಡ ಯಂತ್ರದಲ್ಲಿ ಬ್ಲೇಡು ಕೂರುವ ಬ್ಲಾಕ್ ದುಂಡಗಿರಬೇಕು. ಚೌಕದ ಬ್ಲಾಕ್ ಇದ್ದರೆ ಮೇಜಿಗೂ ಅದಕ್ಕೂ ನಡುವೆ ಸಂದು ದೊಡ್ಡದಾಗಿ, ಜಾರಿದ ಬೆರಳು ಆಳಕ್ಕೆ ಸೆಳೆದುಹೋಗುತ್ತದೆ. ಮರಗೆಲಸದ ಯಂತ್ರಗಳ ಕುರಿತ ಕಾರ್ಖಾನೆ ನಿಯಮಗಳು ಇಂಥ ಕೆಲಸಕ್ಕೆ ದುಂಡನೆಯ ಬ್ಲಾಕೇ ಬೇಕೆಂದು ಬಹಳ ಹಿಂದೆಯೇ ಹೇಳಿವೆ. 1948ರ ಕಾರ್ಖಾನೆ ಕಾಯ್ದೆಯ 26ನೇ ಸೆಕ್ಷನ್, ತಿರುಗುವ ಭಾಗಗಳಿಗೆ ತಕ್ಕ ಮುಚ್ಚಳವಿಲ್ಲದ ಯಂತ್ರವನ್ನು ಕಾರ್ಖಾನೆಗೆ ಮಾರುವುದನ್ನೇ ಅಪರಾಧವೆಂದಿತ್ತು. ಆದರೆ ವಿದ್ಯುತ್ ಬಳಸುವ ಜಾಗವೂ ಆ ಕಾಯ್ದೆಯ ಲೆಕ್ಕದಲ್ಲಿ ಕಾರ್ಖಾನೆ ಎನಿಸಿಕೊಳ್ಳಲು ಹತ್ತು ಮಂದಿ ಕೆಲಸಗಾರರಿರಬೇಕಿತ್ತು. ಅಪ್ಪ–ಮಗ ದುಡಿಯುವ ಶೆಡ್ಡು ಅದರ ಕಣ್ಣಿಗೇ ಬೀಳಲಿಲ್ಲ.

ಹಾಗಾಗಿ ಕೊಳ್ಳುವವರೇ ಖುದ್ದಾಗಿ ಹೋಗಿ ನೋಡಬೇಕು. ಮೊದಲು ಕರೆಂಟ್ ತೆಗೆಸಿ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಮೇಲೆ ಕೆಳಗೆ ಅಲುಗಾಡಿಸಿದರೆ ಸವೆದ ಬೇರಿಂಗ್ ಗೊತ್ತಾಗುತ್ತದೆ. ಮೇಜಿನ ಮೇಲೆ ನೇರ ಪಟ್ಟಿ ಇಟ್ಟು ಅದರ ಹಿಂಬದಿಯಿಂದ ಟಾರ್ಚ್ ಬಿಟ್ಟರೆ ತಗ್ಗಿದ್ದ ಕಡೆ ಬೆಳಕು ಸೋರುತ್ತದೆ. ಮೋಟಾರಿನ ಪ್ಲೇಟಿನಲ್ಲಿ 415 ವೋಲ್ಟ್ ಎಂದಷ್ಟೇ ಇದ್ದರೆ ಅದು ತ್ರೀ ಫೇಸ್. ಮನೆಯ 230 ವೋಲ್ಟ್ ಸಿಂಗಲ್ ಫೇಸ್ ಲೈನಿಗೆ ನೇರವಾಗಿ ಸಿಕ್ಕಿಸಿದರೆ ಓಡುವುದಿಲ್ಲ. ಕೊನೆಗೆ ಕಾಲು ಗಂಟೆ ಖಾಲಿ ಓಡಿಸಿ, ನಿಲ್ಲಿಸಿ, ಬೇರಿಂಗ್ ಮನೆ ಮುಟ್ಟಿ ನೋಡಬೇಕು. ಕೈ ಇಡಲಾಗದಷ್ಟು ಸುಟ್ಟರೆ ಆ ರಿಪೇರಿಯ ಖರ್ಚು ಚೌಕಾಸಿಗೆ ಬರಬೇಕು.

ಯಂತ್ರ ನೋಡುವ ಮೊದಲೇ ‘ಲಾರಿ ಬಾಡಿಗೆ ಅಡ್ವಾನ್ಸ್ ಹಾಕಿ’ ಎಂದವರಿಗೆ ದುಡ್ಡು ಕಳಿಸಕೂಡದು. ತಾನು ಸೈನ್ಯದಲ್ಲಿರುವೆ, ವರ್ಗವಾಗಿದೆ ಎಂದು ನಂಬಿಸುವುದು ಜಾಹೀರಾತು ವಂಚಕರ ಹಳೆಯ ವರಸೆ. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇಷ್ಟೆಲ್ಲ ಹೊರೆಯನ್ನು ಬಡಗಿಯೊಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್ ತರಬೇತಿ ಕೊಡುವ ಸರ್ಕಾರಿ ಐಟಿಐಗಳು ಸಣ್ಣ ಶುಲ್ಕ ಪಡೆದು ಹಳೆಯ ಯಂತ್ರಗಳನ್ನು ಪರೀಕ್ಷಿಸಿ ಚೀಟಿ ಕೊಡಬಹುದು. ಬೇರಿಂಗ್, ಅರ್ತಿಂಗ್, ಗಾರ್ಡ್ ಎಂಬ ಮೂರು ಸಾಲು ಅದರಲ್ಲಿದ್ದರೆ ಸಾಕು. ಜಾಹೀರಾತು ಹಾಕಿಸಿಕೊಳ್ಳುವ ತಾಣಗಳು ಮತ್ತು ಪತ್ರಿಕೆಗಳು ಮಾರುವವರಿಗೆ ಒಂದು ಪ್ರಶ್ನೆಯನ್ನು ಕಡ್ಡಾಯ ಮಾಡಲಿ: ಗಾರ್ಡ್ ಇದೆಯೋ, ಇಲ್ಲವೋ?