ಬಿರುದಿನಲ್ಲಿ ಉಳಿದ ನಗರ

ಗಂಗರ ಶಾಸನಗಳನ್ನು ಓದುವವರಿಗೆ ಒಂದು ಬಿರುದು ಮತ್ತೆ ಮತ್ತೆ ಎದುರಾಗುತ್ತದೆ: ‘ಕುವಳಾಲಪುರವರೇಶ್ವರ’. ಕುವಳಾಲಪುರವೆಂದರೆ ಇಂದಿನ ಕೋಲಾರ. ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ಗಂಗರ ಆಳ್ವಿಕೆ ಮೊಳೆತದ್ದು ಈ ನೆಲದಲ್ಲಿ. ಸಿಂಹನಂದಿ ಆಚಾರ್ಯರ ಅನುಗ್ರಹದಿಂದ ದಡಿಗ ಮಾಧವರು ರಾಜ್ಯ ಕಟ್ಟಿದರೆಂಬ ಐತಿಹ್ಯವನ್ನು ಮುಂದಿನ ಕಾಲದ ಶಾಸನಗಳು ಕಾಪಿಟ್ಟಿವೆ. ಅನಂತರ ರಾಜಧಾನಿ ಕಾವೇರಿಯ ದಡದ ತಲಕಾಡಿಗೆ ಸರಿಯಿತು. ಅರಮನೆ, ಭಂಡಾರ, ಸೇನೆ ಎಲ್ಲವೂ ಹೋದವು; ಹೆಸರು ಮಾತ್ರ ಹೋಗಲಿಲ್ಲ. ಶತಮಾನಗಳು ಉರುಳಿದ ಮೇಲೂ ಗಂಗ ಅರಸರು ತಮ್ಮನ್ನು ಕುವಳಾಲಪುರದ ಒಡೆಯರೆಂದೇ ಕರೆದುಕೊಂಡರು. ಬಿಟ್ಟುಬಂದ ಊರನ್ನು ಬಿರುದಿನಲ್ಲಿ ಹೊತ್ತು ನಡೆಯುವುದು ಈ ನಾಡಿಗೆ ಹೊಸತಲ್ಲ.

ಅದೇ ಕೋಲಾರ ಜಿಲ್ಲೆಯಲ್ಲಿ ಇಂದು ಇನ್ನೊಂದು ನಗರ ಬರಿಯ ಬಿರುದಿನಲ್ಲಿ ಬದುಕುತ್ತಿದೆ. ಅದರ ಹೆಸರಿನಲ್ಲೇ ಚಿನ್ನವಿದೆ. 2001ರ ಫೆಬ್ರವರಿ 28ರ ತರುವಾಯ ಅದರ ನೆಲದಾಳದಿಂದ ಚಿನ್ನ ಮೇಲೆ ಬಂದಿಲ್ಲ. ಆ ದಿನ ಕೋಲಾರ ಚಿನ್ನದ ಗಣಿಗಳು ಮುಚ್ಚಿದವು. ಕೆ.ಜಿ.ಎಫ್. ಎಂಬ ಮೂರಕ್ಷರ ಮಾತ್ರ ರೈಲಿನ ಫಲಕಗಳಲ್ಲಿ, ತಾಲ್ಲೂಕಿನ ಹೆಸರಿನಲ್ಲಿ, 2018ರ ಬಳಿಕ ಚಲನಚಿತ್ರದ ಭಿತ್ತಿಪತ್ರಗಳಲ್ಲಿ ಉಳಿಯಿತು. ಆ ಚಿತ್ರದ ಗಣಿ ಕಾಲ್ಪನಿಕ. ಅದರಲ್ಲಿ ಕಾಣುವ ಬೂದುಬಣ್ಣದ ಗುಡ್ಡಗಳು ಮಾತ್ರ ನಿಜ. ಅವುಗಳ ಬುಡದಲ್ಲಿ ಜನ ವಾಸಿಸುತ್ತಿದ್ದಾರೆಂಬ ಸಂಗತಿ ಚಿತ್ರ ನೋಡಿ ಹೊರಬಂದ ಎಷ್ಟು ಮಂದಿಯ ಮನಸ್ಸಿಗೆ ಬಂದಿರಬಹುದು?

ಈ ನಗರದ ಏಳಿಗೆ ಬೆರಗು ಹುಟ್ಟಿಸುವಂಥದು. 1802ರಲ್ಲಿ ಮೈಸೂರಿನ ಗಡಿಯ ಮೋಜಣಿಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್, ಈ ಭಾಗದ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ದಾಖಲಿಸಿದ. ಏಳು ದಶಕಗಳ ಬಳಿಕ ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೇಲ್ ಲ್ಯಾವೆಲ್ ಮೈಸೂರು ಸರ್ಕಾರದಿಂದ ಗಣಿ ಅಗೆಯುವ ಅನುಮತಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆ ಕಾಲಿಟ್ಟಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಎಂಬ ಗಣಿಗಳು ಒಂದರ ಪಕ್ಕ ಒಂದು ಬಾಯ್ದೆರೆದವು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲುಹಾದಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೇಲೆ ವಿದ್ಯುತ್ತು ಹರಿದುಬಂತು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪ ಕಂಡದ್ದು 1905ರಲ್ಲಿ. ರಾಜಧಾನಿಗಿಂತ ಮೂರು ವರ್ಷ ಮೊದಲು ಬೆಳಕು ಕಂಡ ಊರು ಇದು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಇಲ್ಲಿಂದ ಹೊರಬಂತು.

ಹಳೆಯ ಕೆ.ಜಿ.ಎಫ್. ಕುರಿತು ಹಂಬಲಿಸುವವರು ಇವನ್ನೆಲ್ಲ ಹೆಮ್ಮೆಯಿಂದ ನೆನೆಯುತ್ತಾರೆ. ‘ಮಿನಿ ಇಂಗ್ಲೆಂಡ್’ ಎಂಬ ಮಾತು ಆ ನೆನಪಿನ ಪಲ್ಲವಿ. ಹೆಂಚಿನ ಬಂಗಲೆಗಳು, ಗುಲಾಬಿ ತೋಟಗಳು, ಕ್ಲಬ್ಬು, ಗಾಲ್ಫ್ ಮೈದಾನ, ಹೊತ್ತು ಹೊತ್ತಿಗೆ ಕೂಗುವ ಗಣಿಯ ಸೈರನ್ನು. ಈ ಹಂಬಲ ಸುಳ್ಳೆಂದು ಹೇಳುವಂತಿಲ್ಲ. ಆದರೆ ಅದು ಯಾರ ನೆನಪು ಎಂಬ ಪ್ರಶ್ನೆಯನ್ನು ಕೇಳದೆ ಬಿಡುವಂತೆಯೂ ಇಲ್ಲ. ಬಂಗಲೆಯ ಅಂಗಳದಿಂದ ಕಾಣುತ್ತಿದ್ದ ಊರು ಒಂದು. ‘ಲೈನು’ಗಳೆಂದು ಕರೆಯಲಾಗುತ್ತಿದ್ದ ಇಕ್ಕಟ್ಟಾದ ತಟ್ಟಿ ಮನೆಗಳ ಸಾಲಿನಿಂದ ಕಾಣುತ್ತಿದ್ದ ಊರು ಮತ್ತೊಂದು.

ಲೈನುಗಳಲ್ಲಿದ್ದವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಬಂದ ತಮಿಳು, ತೆಲುಗು ಮಾತಿನ ದಲಿತರು. ಹಳ್ಳಿಯ ಜೀತದಿಂದ ತಪ್ಪಿಸಿಕೊಂಡು ಗಣಿಯ ಕತ್ತಲೆಗೆ ಇಳಿದವರು ಅವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಆ ಆಳದಲ್ಲಿ ಕಲ್ಲೇ ಅರವತ್ತು ಡಿಗ್ರಿ ಸೆಲ್ಸಿಯಸ್ ಮೀರಿ ಕಾದಿರುತ್ತದೆ. ಮೇಲಿನ ಭಾರಕ್ಕೆ ಬಂಡೆ ತಾನಾಗಿ ಸಿಡಿಯುತ್ತದೆ. ಸಿಡಿತ ಉಳಿಸಿದವರನ್ನು ಶ್ವಾಸಕೋಶಕ್ಕೆ ಇಳಿದ ಸಿಲಿಕಾ ಧೂಳು ಕಾಯುತ್ತಿತ್ತು. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಆಜ್ಞೆ ಹೊರಟಾಗ ಈ ಜನ ಕೆಲಸ ನಿಲ್ಲಿಸಿದರು. ಕಳ್ಳರಂತೆ ಗುರುತಿಸಿಕೊಳ್ಳಲು ಒಪ್ಪದ ಆತ್ಮಗೌರವ ಅದು. ಪಂಡಿತ ಅಯೋತಿದಾಸರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ನೆಲೆಗೊಂಡು, ಅಕ್ಷರಕ್ಕೂ ಸಮಾನತೆಯ ವಿಚಾರಕ್ಕೂ ದಾರಿ ತೆರೆಯಿತು. 1965ರಲ್ಲಿ ಇದೇ ಗಣಿಯ ಆಳದಲ್ಲಿ ಭಾರತ, ಜಪಾನ್, ಇಂಗ್ಲೆಂಡುಗಳ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಹಿಡಿದರು. ಜಗತ್ತಿನ ಭೌತವಿಜ್ಞಾನದ ಚರಿತ್ರೆಯಲ್ಲಿ ಕೋಲಾರದ ಹೆಸರು ಸೇರಿದ್ದು ಹೀಗೆ. ಹಂಬಲಿಸಬೇಕಾದರೆ ಹಂಬಲಿಸಲು ಇಷ್ಟೆಲ್ಲ ಇದೆ. ಗಾಲ್ಫ್ ಮೈದಾನವೇ ಆಗಬೇಕಿಲ್ಲ.

ನಗರ ಏಕೆ ಕುಸಿಯಿತು ಎಂಬುದಕ್ಕೆ ಸುಲಭದ ಉತ್ತರವೊಂದಿದೆ: ಚಿನ್ನ ತೀರಿತು. ಆಳ ಹೆಚ್ಚಿದಂತೆ ಖರ್ಚು ಏರಿತು, ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿಯಿತು ಎಂಬುದು ದಿಟ. ಆದರೆ ಗಣಿ ಮುಚ್ಚುವುದಕ್ಕೂ ನಗರ ಕುಸಿಯುವುದಕ್ಕೂ ನಡುವೆ ಮನುಷ್ಯರ ತೀರ್ಮಾನಗಳಿವೆ. ಈ ಊರಿನಲ್ಲಿ ನೀರು ಗಣಿಯದು, ದೀಪ ಗಣಿಯದು, ಆಸ್ಪತ್ರೆ ಗಣಿಯದು, ಮನೆಯೂ ಗಣಿಯದು. ನಾಗರಿಕ ವ್ಯವಸ್ಥೆಗಳೆಲ್ಲ ಗಣಿಯೆಂಬ ಒಂದೇ ದೇಹದ ಕೈಕಾಲುಗಳಾಗಿದ್ದವು. 1956ರಲ್ಲಿ ಗಣಿಗಳು ಮೈಸೂರು ರಾಜ್ಯದ ಸ್ವತ್ತಾದವು, 1962ರಲ್ಲಿ ಕೇಂದ್ರದ ಕೈಸೇರಿದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಸಾರ್ವಜನಿಕ ಉದ್ಯಮವಾದವು. ಒಡೆಯರು ಬದಲಾದರು, ಊರು ಗಣಿಯ ಉಪಾಂಗವಾಗಿಯೇ ಉಳಿಯಿತು. ಕಂಪನಿಯ ಕಾಲದಲ್ಲಿ ಇದು ಅನಿವಾರ್ಯವಿದ್ದಿರಬಹುದು. ಸ್ವಂತ ಸರ್ಕಾರದ ನಾಲ್ಕೂವರೆ ದಶಕಗಳಲ್ಲಿಯೂ ಗಣಿಯಿಲ್ಲದ ದಿನಕ್ಕೆ ಊರನ್ನು ಅಣಿಗೊಳಿಸದೆ ಹೋದದ್ದಕ್ಕೆ ಯಾವ ನೆಪವಿದೆ? 1964ರಲ್ಲಿ ಬಿ.ಇ.ಎಂ.ಎಲ್. ಬಂತೆಂಬುದು ಸಮಾಧಾನದ ಮಾತು. ಒಂದು ಕಾರ್ಖಾನೆ ನಗರವೊಂದನ್ನು ಹೊರಲಾರದು.

ಫಲ ಕಣ್ಣ ಮುಂದಿದೆ. ಒಂದೂವರೆ ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯ ಈ ಊರಿನಿಂದ ಪ್ರತಿದಿನ ನಸುಕಿನಲ್ಲಿ ಸಾವಿರಾರು ಜನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ; ಕತ್ತಲಾದ ಮೇಲೆ ಮರಳುತ್ತಾರೆ. ಅಜ್ಜಂದಿರು ನೆಲದೊಳಗೆ ಇಳಿದು ಸೂರ್ಯನನ್ನು ಕಾಣದೆ ದುಡಿದರು. ಮೊಮ್ಮಕ್ಕಳು ನೆಲದ ಮೇಲಿದ್ದರೂ ಊರಿನ ಹಗಲನ್ನು ಕಾಣುವುದು ಭಾನುವಾರ ಮಾತ್ರ. ತಲೆಮಾರುಗಳಿಂದ ಬಾಳಿದ ಮನೆಯ ಹಕ್ಕುಪತ್ರಕ್ಕಾಗಿ ಕಾರ್ಮಿಕ ಕುಟುಂಬಗಳು ವರ್ಷಗಟ್ಟಲೆ ಅಲೆದಿವೆ. ಮೇಲೆ ಸೈನೈಡ್ ಗುಡ್ಡಗಳು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ರಾಡಿಯನ್ನು ಪಕ್ಕಕ್ಕೆ ಸುರಿದು ಸುರಿದು ಎದ್ದ ದಿಬ್ಬಗಳವು. ಗಾಳಿ ಎದ್ದರೆ ಆ ನುಣ್ಣನೆಯ ಪುಡಿ ಅನ್ನದ ತಟ್ಟೆಯವರೆಗೂ ಬರುತ್ತದೆ.

ಇಲ್ಲಿಗೆ ಸಮೀಪದಲ್ಲೇ ಪಾಲಾರ್ ನದಿಯ ದಡದಲ್ಲಿ ಬೇತಮಂಗಲವಿದೆ. ಶಾಸನಗಳಲ್ಲಿ ಅದು ವಿಜಯಾದಿತ್ಯಮಂಗಲ. ಅದೂ ಒಂದು ಕಾಲಕ್ಕೆ ಮೆರೆದ ಊರು. ಅದರ ವೈಭವವೂ ಅಳಿದಿದೆ. ಅಳಿದರೂ ಅದು ಒಂದು ದೊಡ್ಡ ಕೆರೆಯನ್ನು ಉಳಿಸಿತು. ಹತ್ತನೆಯ ಶತಮಾನದಲ್ಲಿ ಆ ಕೆರೆಯ ಏರಿ ಒಡೆದಾಗ ನೊಳಂಬರು ಅದನ್ನು ಕಟ್ಟಿಸಿದರು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ಕಡೆಯವರು ಮತ್ತೆ ಜೀರ್ಣೋದ್ಧಾರ ಮಾಡಿಸಿದರು. ಊರು ಕಟ್ಟಿದವರು ಒಬ್ಬರು, ಕೆರೆ ದುರಸ್ತಿ ಮಾಡಿಸಿದವರು ಇನ್ನೊಬ್ಬರು. ಮನೆತನ ಬೇರೆ, ಕಾಲ ಬೇರೆ. ಹಿಂದಿನವರು ಬಿಟ್ಟುಹೋದುದನ್ನು ತನ್ನದೆಂದು ಎತ್ತಿಕೊಳ್ಳುವ ಈ ಧರ್ಮವನ್ನು ಕಲ್ಲಿನ ಮೇಲೆ ಬರೆಸಿ ಉಳಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಚಿನ್ನದ ಗಣಿಗಳ ಊರಿಗೆ ಕುಡಿಯುವ ನೀರು ಬಂದದ್ದು ಇದೇ ಬೇತಮಂಗಲದಿಂದ. ಸಾವಿರ ವರ್ಷಗಳ ಹಿಂದಿನ ಅಳಿದ ಊರು ಹೊಸ ನಗರಕ್ಕೆ ನೀರುಣಿಸಿತು. ನೂರಿಪ್ಪತ್ತು ವರ್ಷಗಳ ಹೊಸ ನಗರ ಮುಂದಿನವರಿಗೆ ಬಿಟ್ಟದ್ದು ಧೂಳಿನ ಗುಡ್ಡಗಳನ್ನು.

ಊರುಗಳು ಏಳುತ್ತವೆ, ಬೀಳುತ್ತವೆ. ಆ ಅನಿತ್ಯತೆಯನ್ನು ಕುರಿತು ದುಃಖಿಸಿ ಫಲವಿಲ್ಲ. ಬಿದ್ದ ಊರಿನ ಹೊಣೆಯನ್ನು ಯಾರೂ ಹೊರದಿರುವುದು ಮಾತ್ರ ಕಾಲದ ನಿಯಮವಲ್ಲ, ಆಳುವವರ ಉದಾಸೀನ. ಇಲ್ಲಿಯ ಬಹುಜನರ ಮನೆಮಾತು ಕನ್ನಡವಲ್ಲವೆಂಬ ಕಾರಣಕ್ಕೆ ಈ ಊರನ್ನು ಅರೆ ಪರಕೀಯವೆಂದು ಕಂಡ ನಾಡಿನ ಮನಸ್ಸೂ ಆ ಉದಾಸೀನದಲ್ಲಿ ಪಾಲುದಾರ. ಚಿನ್ನವನ್ನು ನಮ್ಮದೆಂದು ಎಣಿಸಿಕೊಂಡ ನಾಡು ಅದನ್ನು ತೆಗೆದುಕೊಟ್ಟವರನ್ನು ನಮ್ಮವರೆಂದು ಎಣಿಸಲು ಹಿಂಜರಿಯುವುದು ನ್ಯಾಯವಲ್ಲ.

ಇದು ಒಂದು ಊರಿನ ಕಥೆ ಮಾತ್ರವೂ ಅಲ್ಲ. ಅದೇ ಜಿಲ್ಲೆಯ ಶ್ರೀನಿವಾಸಪುರ ಮಾವಿನಿಂದ ಹೆಸರಾದ ಊರು. ಅಲ್ಲಿಯ ಹೊನ್ನು ನೆಲದ ಮೇಲಿದೆ, ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಹುಟ್ಟುತ್ತದೆ. ಆದರೆ ಅಲ್ಲಿ ಬೆಳೆವ ತೋತಾಪುರಿಯಿಂದ ತಿರುಳು ತೆಗೆಯುವ ಕಾರ್ಖಾನೆಗಳು ಬಹುಪಾಲು ಗಡಿಯಾಚೆ ಚಿತ್ತೂರಿನಲ್ಲಿವೆ. 2025ರ ಜೂನ್ ತಿಂಗಳಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆಯೊಡ್ಡಿದಾಗ, ಶ್ರೀನಿವಾಸಪುರದ ಬೆಳೆಗಾರರು ಹಣ್ಣನ್ನು ಎದುರಿಗಿಟ್ಟುಕೊಂಡು ಬೀದಿಗಿಳಿಯಬೇಕಾಯಿತು. ಒಂದೇ ಸರಕನ್ನು ನಂಬಿದ ಊರು, ಆ ಸರಕಿನ ಬೀಗದಕೈ ಬೇರೆಯವರ ಕೈಯಲ್ಲಿ: ಕೆ.ಜಿ.ಎಫ್. ಕಲಿಸಿದ ಪಾಠವನ್ನು ನೆರೆಯ ತಾಲ್ಲೂಕೇ ಇನ್ನೂ ಕಲಿತಿಲ್ಲ.

2024ರಲ್ಲಿ ಹದಿಮೂರು ಸೈನೈಡ್ ಗುಡ್ಡಗಳಿಂದ ಉಳಿಕೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಸಾವಿರ ಎಕರೆಗೂ ಮೀರಿದ ನೆಲದ ಮೇಲೆ ಸುಮಾರು 3.3 ಕೋಟಿ ಟನ್ ಪುಡಿ ಅಲ್ಲಿ ಬಿದ್ದಿದೆ. ಹಳೆಯ ವೈಭವ ಮರಳುತ್ತದೆಂಬ ಮಾತು ಆಗಲೇ ಕೇಳಿಬರತೊಡಗಿತು. ಮರಳಬೇಕಾದುದು ವೈಭವವಲ್ಲ, ಹೊಣೆ. ಆ ಗುಡ್ಡದ ಧೂಳನ್ನು ಇಷ್ಟು ವರ್ಷ ಉಸಿರಾಡಿದವರಿಗೆ ಅದರ ಆದಾಯದಲ್ಲಿ ಮೊದಲ ಪಾಲು ಸಲ್ಲಬೇಕು. ಅದು ಅವರ ಮನೆಯ ಹಕ್ಕುಪತ್ರವಾಗಿ, ನಡೆಯುವ ಆಸ್ಪತ್ರೆಯಾಗಿ, ಊರಿನಲ್ಲೇ ಸಿಗುವ ಕೆಲಸವಾಗಿ ಕಾಣಬೇಕು. ಗಣಿಯ ಕಾಗದಪತ್ರ, ನಕ್ಷೆ, ಹಾಜರಿ ಪುಸ್ತಕಗಳು ಗೆದ್ದಲಿಗೆ ಬೀಳುವ ಮೊದಲು ಒಂದು ಸಂಗ್ರಹಾಲಯ ಸೇರಬೇಕು. ಆಳದಲ್ಲಿ ಸತ್ತವರ ಹೆಸರುಗಳಿಗೆ ಅಲ್ಲಿ ಒಂದು ಗೋಡೆ ಮೀಸಲಾಗಬೇಕು.

ವೀರಗಲ್ಲುಗಳ ಈ ಜಿಲ್ಲೆಯಲ್ಲಿ ದನಗಳನ್ನು ಬಿಡಿಸಲು ಹೋಗಿ ಮಡಿದವನಿಗೂ ಒಂದು ಕಲ್ಲಿದೆ. ಎಂಟುನೂರು ಟನ್ ಚಿನ್ನ ತೆಗೆದು ಮಡಿದವರಿಗೆ ಒಂದು ಕಲ್ಲನ್ನು ನಿಲ್ಲಿಸುವುದು ನಾಡಿಗೆ ಭಾರವಾಗಲಾರದು.